ಮರಳಿ ಸುರಿದ ಅಕ್ಕಿ

ನಮ್ಮ ಕಡೆಯ ಸರಕಾರಿ ಕಚೇರಿ, ಬ್ಯಾಂಕು, ಸೊಸೈಟಿ, ಶಾಲೆ ಎಲ್ಲಿಗೇ ಹೋದರೂ ಸಾಹೇಬರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಒಂದು ಫಲಕ ಇರುತ್ತದೆ. ಕಾಯಕವನ್ನು ಕೈಲಾಸಕ್ಕೆ ಸಮ ಮಾಡಿ ಹೇಳುವ ಆ ಎರಡು ಶಬ್ದಗಳನ್ನು ಓದದ ಕನ್ನಡಿಗ ಸಿಗಲಾರ. ಮೇಲೆ ಬಸವಣ್ಣನ ಚಿತ್ರ, ಇಲ್ಲವೆ ಕೆಳಗೆ ಬಸವಣ್ಣನ ಹೆಸರು. ಯಲಬುರ್ಗಾ ತಾಲೂಕಿನಲ್ಲಿ ಹುಟ್ಟಿ, ಕೊಪ್ಪಳದಲ್ಲಿ ಓದಿ, ಕುಷ್ಟಗಿಯಲ್ಲಿ ಪಾಠ ಹೇಳಿ, ಈಗ ಗಂಗಾವತಿಯಲ್ಲಿ ನೆಲೆಸಿರುವ ನಾನು ಇಂಥ ಫಲಕಗಳ ಕೆಳಗೆ ನಿಂತು ಕಾಯ್ದ ಹೊತ್ತನ್ನೆಲ್ಲ ಕೂಡಿಸಿದರೆ ಅದೇ ಒಂದು ಸಣ್ಣ ನೌಕರಿಯಾದೀತು. ಹಾಗೆ ನಿಂತಾಗಲೆಲ್ಲ ಎರಡು ಸಂಗತಿ ಮನಸ್ಸನ್ನು ಕೆದಕುತ್ತಿದ್ದವು. ಆ ಮಾತು ಬಸವಣ್ಣನದಲ್ಲ ಎಂಬುದು ಒಂದು. ಅದು ಪೂರ್ತಿ ಮಾತೂ ಅಲ್ಲ ಎಂಬುದು ಇನ್ನೊಂದು.

ಆ ಶಬ್ದಗಳು ಸಿಗುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಲ್ಲಿ ಅವು ಘೋಷಣೆಯಾಗಿ ಬಂದಿಲ್ಲ, ಬೇರೊಂದು ಮಾತಿಗೆ ಕಾರಣವಾಗಿ ಬಂದಿವೆ. ಕೆಲಸದಲ್ಲಿ ಮುಳುಗಿದವನು ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಎದುರಿಗೆ ಜಂಗಮ ನಿಂತಿದ್ದರೂ ಅವನ ಹಂಗಿಗೆ ಒಳಗಾಗಬಾರದು ಎನ್ನುತ್ತಾನೆ ಮಾರಯ್ಯ. ಏಕೆಂದರೆ ಕೈಲಾಸವೆಂಬುದು ಕೆಲಸದಲ್ಲಿಯೇ ಇದೆ, ದೇವರು ಕೂಡ ಅದರೊಳಗಿನವನೇ. ಈ ಪೂರ್ತಿ ವಚನವನ್ನು ಕಚೇರಿಯ ಗೋಡೆಗೆ ಬರೆಸಿದರೆ ಕೆಲವರಿಗಾದರೂ ಕಸಿವಿಸಿಯಾಗುತ್ತದೆ. ಮೇಲಿನ ಸಾಹೇಬರು ತಪಾಸಣೆಗೆ ಬರುತ್ತಾರೆಂದು ಮೂರು ದಿನ ಜನರ ಕೆಲಸ ನಿಲ್ಲಿಸಿ ತೋರಣ ಕಟ್ಟಿಸುವ ನಮ್ಮ ಕಚೇರಿಗಳಿಗೆ, ಗುರುವೇ ಬಂದರೂ ಕೈಕೆಲಸ ಬಿಡಬೇಡ ಎನ್ನುವ ಮಾತು ಹಿಡಿಸುವುದು ಕಷ್ಟ. ಆದ್ದರಿಂದ ಕಾರಣವನ್ನಷ್ಟೇ ಕತ್ತರಿಸಿಕೊಂಡು ಕಾರ್ಯವನ್ನು ಬಿಟ್ಟಿದ್ದೇವೆ.

ಈ ಬರಹದಲ್ಲಿ ನಾನು ಮಾರಯ್ಯನಿಗಿಂತ ಹೆಚ್ಚಾಗಿ ಅವನ ಹೆಂಡತಿ ಲಕ್ಕಮ್ಮನ ವಚನಗಳನ್ನೂ ಅವುಗಳ ಸುತ್ತ ಬೆಳೆದ ಕಥೆಯನ್ನೂ ಓದಬೇಕೆಂದಿದ್ದೇನೆ. ದುಡಿಮೆಯ ಜಾಗದಲ್ಲಿ ಪ್ರಾಮಾಣಿಕತೆ ಎಂದರೇನು ಎಂಬ ಪ್ರಶ್ನೆಗೆ ಕನ್ನಡದಲ್ಲಿ ಇದಕ್ಕಿಂತ ಖಚಿತವಾದ ಉತ್ತರ ನನಗೆ ಕಂಡಿಲ್ಲ. ಆದರೆ ನಮ್ಮ ಪಾಠಗಳಲ್ಲಿ, ಭಾಷಣಗಳಲ್ಲಿ ಇದನ್ನು ಅತಿಯಾಸೆ ಬೇಡ ಎಂಬ ಮಕ್ಕಳ ನೀತಿಗೆ ಇಳಿಸಿ ಮುಗಿಸಿಬಿಡುತ್ತೇವೆ. ಅಷ್ಟರಲ್ಲಿ ಮುಗಿಯುವ ಕಥೆ ಇದಲ್ಲ.

ಲಕ್ಕಮ್ಮ, ಮಾರಯ್ಯ ಇಬ್ಬರೂ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಪರಂಪರೆ ಹೇಳುತ್ತದೆ. ಅವರ ಅಂಕಿತಗಳಲ್ಲಿಯೇ ಊರ ದೇವರ ಹೆಸರಿದೆ. ಕುಷ್ಟಗಿಯಿಂದ ತಾವರಗೇರಾ, ಮುದಗಲ್ಲು ದಾಟಿದರೆ ಆ ಸೀಮೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ನಾವೆಲ್ಲ ರಾಯಚೂರು ಜಿಲ್ಲೆಯವರೇ ಆಗಿದ್ದೆವು. ಹಾಗೆ ನೋಡಿದರೆ ಲಕ್ಕಮ್ಮ ನಮ್ಮ ಜಿಲ್ಲೆಯ ಹೆಣ್ಣುಮಗಳು. ಊರು ಬಿಟ್ಟು ಗಂಡನೊಡನೆ ಕಲ್ಯಾಣಕ್ಕೆ ಹೋದಳು. ಭಕ್ತಿಯ ಮಾತಿನಲ್ಲಿ ಇದನ್ನು ಶರಣರ ಸಂಗ ಬಯಸಿ ಹೋದದ್ದು ಎನ್ನುತ್ತಾರೆ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ಅವರು ಗುಳೆ ಹೋದವರು. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಹಳ್ಳಿಗಳಿಂದ ಗಂಟುಮೂಟೆ ಕಟ್ಟಿಕೊಂಡು ಮಂಗಳೂರು, ಗೋವಾ, ಬೆಂಗಳೂರಿನ ಬಸ್ಸು ಹತ್ತುವ ಗಂಡಹೆಂಡಿರನ್ನು ಕಂಡವರಿಗೆ ಈ ಇಬ್ಬರ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಕಲ್ಯಾಣದಲ್ಲಿ ಅವರಿಗೆ ಹೊಲವಿರಲಿಲ್ಲ, ಕಸುಬಿರಲಿಲ್ಲ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಆ ಕೆಲಸವೇ ಅವರ ಹೆಸರಿಗೂ ಅಂಟಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಲಕ್ಕಮ್ಮನವೆಂದು ದೊರೆತಿರುವ ವಚನಗಳು 25ರ ಆಸುಪಾಸು, ಮಾರಯ್ಯನವು ಹತ್ತರ ಆಸುಪಾಸು. 1923ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಹೊರತಂದ ಕಾಲದಿಂದ ಮೊದಲುಗೊಂಡ ಶೋಧನೆ, 1993ರಲ್ಲಿ ಸರಕಾರ ಹದಿನೈದು ಸಂಪುಟಗಳಲ್ಲಿ ಸಮಗ್ರ ವಚನಗಳನ್ನು ಪ್ರಕಟಿಸಿದಾಗ ಒಂದು ಘಟ್ಟ ಮುಟ್ಟಿತು. ಆ ಮಾಲೆಯ ಶಿವಶರಣೆಯರ ಸಂಪುಟದಲ್ಲಿ ಲಕ್ಕಮ್ಮನನ್ನು ಯಾರಾದರೂ ಓದಬಹುದು. ಆದರೆ ವಚನಗಳನ್ನು ಜೋಡಿಸಿ ಕಥೆಯಾಗಿ, ನಾಟಕದಂಥ ಸಂಭಾಷಣೆಯಾಗಿ ಕಟ್ಟಿಕೊಟ್ಟದ್ದು ಶೂನ್ಯಸಂಪಾದನೆ. ಅದು ಹುಟ್ಟಿದ್ದು ಹದಿನೈದನೆಯ ಶತಮಾನದಲ್ಲಿ, ಎಂದರೆ ಲಕ್ಕಮ್ಮನ ಕಾಲಕ್ಕೆ ಸುಮಾರು ಮುನ್ನೂರು ವರ್ಷಗಳ ಮೇಲೆ. ಆದ್ದರಿಂದ ನಾವು ಓದುತ್ತಿರುವುದು ಕಲ್ಯಾಣದಲ್ಲಿ ನಡೆದದ್ದರ ವರದಿಯನ್ನಲ್ಲ. ಕನ್ನಡ ಜನ ಮುನ್ನೂರು ವರ್ಷ ನೆನಪಿನಲ್ಲಿಟ್ಟುಕೊಂಡು ಹದಗೊಳಿಸಿದ ಒಂದು ವಿಚಾರವನ್ನು. ನನ್ನ ಮಟ್ಟಿಗೆ ಇದರಿಂದ ಅದರ ತೂಕ ಕಡಿಮೆಯಾಗುವುದಿಲ್ಲ.

ಕಥೆ ಇಷ್ಟು. ಒಂದು ದಿನ ಮಾರಯ್ಯ ಪ್ರಭುದೇವನ ಜೊತೆ ದೊಡ್ಡ ದೊಡ್ಡ ತತ್ವಗಳ ಚರ್ಚೆಗೆ ಕುಳಿತು ತನ್ನ ಕೆಲಸವನ್ನೇ ಮರೆಯುತ್ತಾನೆ. ಕಾಯಕ ನಿಂತುಹೋಗಿದೆ, ಎದ್ದು ಹೋಗಿರಿ ಎಂದು ಲಕ್ಕಮ್ಮ ಎಚ್ಚರಿಸುತ್ತಾಳೆ. ಅವನು ಅವಸರದಲ್ಲಿ ಹೋಗಿ ಅಕ್ಕಿ ಆಯ್ದುಕೊಂಡು ಬರುತ್ತಾನೆ. ಆ ದಿನ ಅಕ್ಕಿ ಎಂದಿಗಿಂತ ಹೆಚ್ಚಾಗಿದೆ. ಇವರ ಬಡತನ ನೋಡಿಯೋ, ಇವರನ್ನು ಒರೆಗೆ ಹಚ್ಚಬೇಕೆಂದೋ ಬಸವಣ್ಣನೇ ಬೇಕೆಂತಲೇ ಹೆಚ್ಚು ಚೆಲ್ಲಿಸಿದ್ದ ಎಂದು ಕಥೆ ಹೇಳುವವರು ಸೇರಿಸುತ್ತಾರೆ. ಲಕ್ಕಮ್ಮ ನೋಡಿದ ತಕ್ಷಣ ತಡೆಯುತ್ತಾಳೆ. ಒಂದೇ ಮನಸ್ಸಿನಿಂದ ಹೋದವರು ಎರಡು ಮನಸ್ಸು ಮಾಡಿ ತಂದಿರಾ ಎಂದು ಕೇಳುತ್ತಾಳೆ. ಇದು ನಿಮ್ಮ ಬುದ್ಧಿಯೋ ಅಥವಾ ಬಸವಣ್ಣನಿಗೆ ನಮ್ಮ ಮೇಲೆ ಬಂದ ಅನುಮಾನವೋ ಎಂದು ಕೇಳುತ್ತಾಳೆ. ಹೆಚ್ಚಿನದನ್ನು ತೆಗೆದುಕೊಂಡು ಹೋಗಿ ಅಲ್ಲಿಯೇ ಸುರಿದು ಬನ್ನಿರಿ ಎಂದು ಕಳಿಸುತ್ತಾಳೆ. ಮಾರಯ್ಯ ಹೋಗಿ ಸುರಿದು ಬರುತ್ತಾನೆ.

ಅತಿಯಾಸೆಯ ನೀತಿ ಹೇಳುವವರಿಗೆ ನಾನು ಕೇಳುವ ಪ್ರಶ್ನೆ ಇದು: ಇಲ್ಲಿ ಮೋಸ ಹೋದವರು ಯಾರು? ಮಾರಯ್ಯ ಕದಿಯಲಿಲ್ಲ. ಉಗ್ರಾಣದ ಬಾಗಿಲು ಮುರಿಯಲಿಲ್ಲ. ಸುಳ್ಳು ಲೆಕ್ಕ ಬರೆಯಲಿಲ್ಲ. ನೆಲಕ್ಕೆ ಬಿದ್ದ ಅಕ್ಕಿಯನ್ನು ಎತ್ತಿಕೊಳ್ಳಲು ಅವನಿಗೆ ಹಕ್ಕಿತ್ತು, ಅದೇ ಅವನ ಕೆಲಸವಾಗಿತ್ತು. ಕೊಟ್ಟವನಿಗೆ ಬೇಸರವಿಲ್ಲ, ಕಳೆದುಕೊಂಡವರು ಯಾರೂ ಇಲ್ಲ. ಇವತ್ತಿನ ಯಾವ ಕಾಯ್ದೆಯಲ್ಲಿಯೂ ಇದನ್ನು ಅಪರಾಧವೆಂದು ತೋರಿಸಲಾಗದು. ಹಾಗಿದ್ದರೂ ಲಕ್ಕಮ್ಮ ಅದನ್ನು ಮನೆಯೊಳಗೆ ಇಳಿಸಗೊಡುವುದಿಲ್ಲ. ಯಾರಿಗೂ ನಷ್ಟವಾಗದ ಒಂದು ಅಪ್ರಾಮಾಣಿಕತೆ ಇರಬಹುದು ಎಂದು ಈ ಕಥೆ ಹೇಳುತ್ತಿದೆ. ಅದು ಯಾವುದು?

ಇದಕ್ಕೆ ನನಗೆ ಸಿಕ್ಕ ವ್ಯಾಖ್ಯಾನ ಪುಸ್ತಕದಿಂದ ಬಂದದ್ದಲ್ಲ. 1970ರ ದಶಕದಲ್ಲಿ ಕಾಲೇಜಿಗೆ ರಜೆ ಬಿಟ್ಟಾಗ ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ನಾನು ಲೆಕ್ಕ ಬರೆಯಲು ಹೋಗುತ್ತಿದ್ದೆ. ನಮ್ಮದು ಎರೆಯ ಸೀಮೆ, ಜೋಳದ ರೊಟ್ಟಿಯ ಮನೆ. ಅನ್ನವೆಂದರೆ ಹಬ್ಬಕ್ಕೆ, ಬೀಗರಿಗೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿ ನೆಲ್ಲಿನ ಊರಾಗಿ ಬೆಳೆದಿತ್ತು. ಗಿರಣಿಯ ಅಂಗಳದಲ್ಲಿ ಅಷ್ಟೊಂದು ಕಾಳು ನೆಲದ ಮೇಲೆ ಬಿದ್ದಿರುವುದನ್ನು ನೋಡಿ ನನಗೆ ಮೊದಮೊದಲು ಗಾಬರಿಯಾಗುತ್ತಿತ್ತು. ಸಂಜೆ ಲಾರಿಗಳು ಹೋದ ಮೇಲೆ ನಾಲ್ಕೈದು ಹೆಂಗಸರು ಕಸಬರಿಗೆ, ಮೊರ ಹಿಡಿದು ಬರುತ್ತಿದ್ದರು. ಅಂಗಳ ಗುಡಿಸಿ, ಕಾಳನ್ನು ಮಣ್ಣಿನಿಂದ ಬೇರೆ ಮಾಡಿ, ಕೇರಿ, ಮನೆಗೆ ಒಯ್ಯುತ್ತಿದ್ದರು. ಗುಡಿಸಿದ್ದಕ್ಕೆ ಬೇರೆ ಕೂಲಿ ಇರಲಿಲ್ಲ. ಆ ಕಾಳೇ ಕೂಲಿ. ಹೊಲದಲ್ಲಿ ಹಕ್ಕಲಾಯುವುದೆಂದು ನಮ್ಮಲ್ಲಿ ಏನನ್ನು ಕರೆಯುತ್ತಾರೋ ಅದರ ಪೇಟೆಯ ರೂಪ ಇದು.

ಒಂದು ಸಂಜೆ ಹಮಾಲರ ಹೆಗಲಿನಿಂದ ಚೀಲವೊಂದು ಜಾರಿ, ಹೊಲಿಗೆ ಹರಿದು, ಮೂಲೆಯಲ್ಲಿ ದೊಡ್ಡ ರಾಶಿಯೇ ಚೆಲ್ಲಿತ್ತು. ಗದ್ದಲದಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಆ ಹೆಂಗಸರಲ್ಲಿ ಹಿರಿಯಳೊಬ್ಬಳು ಅದನ್ನು ಬೇರೆಯಾಗಿ ಗುಡಿಸಿ ಕೂಡಿಸಿ ನನ್ನನ್ನು ಕರೆದಳು. "ತಮ್ಮಾ, ಇದು ಉದುರಿದ್ದಲ್ಲಪಾ, ಹರದು ಸುರದದ್ದು. ಉದುರಿದ್ದಷ್ಟ ನಮ್ದು. ಇದನ್ನ ಅಳದು ಬರಕೋ" ಎಂದಳು. "ಇರಲಿ ಬಿಡಬೇ ಯವ್ವಾ, ಸಾವಕಾರ್ರಿಗೆ ಗೊತ್ತಾಗಂಗಿಲ್ಲ" ಎಂದು ಪಕ್ಕದಲ್ಲಿದ್ದ ಹಮಾಲ ಹೇಳಿದ. ಆಕೆ ಅವನ ಕಡೆ ತಿರುಗಿಯೂ ನೋಡದೆ, "ನನಗ ಗೊತ್ತಾಗೈತೆಲ್ಲಾ" ಎಂದು ಮೊರ ಎತ್ತಿಕೊಂಡು ಹೋದಳು. ನಾನು ಅಳೆಸಿ ಬರೆದುಕೊಂಡೆ.

ಉದುರಿದ್ದು, ಸುರಿದದ್ದು. ಮುಂದೆ ಕುಷ್ಟಗಿಯಲ್ಲಿ ವಚನ ಸಾಹಿತ್ಯದ ಪಾಠ ಮಾಡುವಾಗ ಈ ಎರಡು ಕ್ರಿಯಾಪದಗಳ ನಡುವಿನ ಅಂತರವೇ ನನಗೆ ಲಕ್ಕಮ್ಮನ ವಚನದ ಕೀಲಿಯಾಯಿತು. ಉದುರಿದ ಅಕ್ಕಿಯಲ್ಲಿ ಯಾರ ಇಚ್ಛೆಯೂ ಇಲ್ಲ. ಅದನ್ನು ಬಗ್ಗಿ ಬಗ್ಗಿ ಆಯ್ದವನ ಶ್ರಮವಷ್ಟೇ ಅದರಲ್ಲಿದೆ. ಆದ್ದರಿಂದ ಅದು ಅವನದು. ಸುರಿದ ಅಕ್ಕಿಯಲ್ಲಿ ಸುರಿದವನ ಇಚ್ಛೆ ಇದೆ. ಅದು ಉದುರಿದಂತೆ ಕಾಣುತ್ತದೆ, ಆದರೆ ಅದು ದಾನ. ದಾನವನ್ನು ದುಡಿಮೆಯೆಂದು ಮನೆಗೆ ತಂದರೆ ಅಳತೆಯೇ ಸುಳ್ಳಾಗುತ್ತದೆ. ನಾಳೆಯಿಂದ ಮಾರಯ್ಯ ಅಂಗಳಕ್ಕೆ ಹೋಗುವಾಗ ಅವನ ಕಣ್ಣು ನೆಲದ ಮೇಲೆ ಇರುವುದಿಲ್ಲ, ಮಹಾಮನೆಯ ಬಾಗಿಲ ಮೇಲೆ ಇರುತ್ತದೆ. ಇದನ್ನೇ ಲಕ್ಕಮ್ಮ ಎರಡು ಮನಸ್ಸು ಎನ್ನುತ್ತಾಳೆ. ಆಕೆ ಮನಸ್ಸನ್ನು ಒಂದು, ಎರಡು ಎಂದು ಎಣಿಸುವಾಗ ನನ್ನ ಕಿವಿಗೆ ಅದು ಅಕ್ಕಿ ಅಳೆಯುವ ಪಾತ್ರೆಯ ಎಣಿಕೆಯಂತೆ ಕೇಳುತ್ತದೆ. ಹನ್ನೆರಡನೆಯ ಶತಮಾನ ಅಳತೆಯ ಶತಮಾನ. ನಮ್ಮ ಇಟಗಿಯಲ್ಲಿ ದಂಡನಾಯಕ ಮಹಾದೇವ 1112ರಲ್ಲಿ ದೇವಾಲಯ ಕಟ್ಟಿಸಿದ ಕಾಲದ ದಾನಶಾಸನಗಳನ್ನು ನೋಡಿದರೆ ಮತ್ತರು, ಕಮ್ಮ, ಖಂಡುಗ, ಕೊಳಗ, ಮಾನ, ಸೊಲ್ಲಗೆ ಎಂದು ಪ್ರತಿಯೊಂದಕ್ಕೂ ಅಳತೆ ಇದೆ, ನೆಲ ಅಳೆಯುವ ಕೋಲಿಗೂ ಹೆಸರಿದೆ. ಶಾಸನ ನೆಲವನ್ನೂ ಧಾನ್ಯವನ್ನೂ ಅಳೆಯಿತು. ಲಕ್ಕಮ್ಮ ಅದೇ ಜಾಣತನವನ್ನು ಗಂಡನ ಮನಸ್ಸಿಗೆ ಹಚ್ಚಿದಳು.

ಈಗ ಕಚೇರಿಗೆ ಬರೋಣ. ಲಂಚದ ಬಗ್ಗೆ ನಾವು ಮಾತಾಡುವಾಗ ಕೇಳಿ ಪಡೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತೇವೆ. ನಮ್ಮಲ್ಲಿ ಬಹಳ ಕಡೆ ಯಾರೂ ಕೇಳುವುದಿಲ್ಲ. ನನ್ನ ಪಿಂಚಣಿ ಕಾಗದಗಳು ಒಂದು ಕಚೇರಿಯಲ್ಲಿ ತಿಂಗಳುಗಟ್ಟಲೆ ಕುಳಿತಿದ್ದಾಗ ಅಲ್ಲಿನ ಜವಾನ ಬಹಳ ಮರ್ಯಾದೆಯಿಂದ ನನಗೆ ತಿಳಿಸಿ ಹೇಳಿದ: "ಸರ, ನಮ್ಮ ಸಾಹೇಬ್ರು ಕೇಳೋರಲ್ರೀ. ನಿಮ್ಮ ಖುಷಿ ಏನೈತಿ ಅದನ್ನ ಟೇಬಲ್ ಮ್ಯಾಲಿನ ಪುಸ್ತಕದಾಗ ಇಟ್ಟು ಹೋಗ್ರಿ." ಆ ಪುಸ್ತಕ ಯಾವುದೆಂದು ನಾನು ನೋಡಲಿಲ್ಲ, ಕಾಗದಗಳು ಇನ್ನಷ್ಟು ದಿನ ಕುಳಿತವು. ಆದರೆ ಖುಷಿ ಎಂಬ ಆ ಶಬ್ದ ನನ್ನ ಜೊತೆ ಬಂತು. ಕೇಳಿದ್ದಲ್ಲ, ಅವರೇ ಖುಷಿಯಿಂದ ಕೊಟ್ಟದ್ದು, ಕೆಲಸವನ್ನಂತೂ ನಿಯಮದ ಪ್ರಕಾರವೇ ಮಾಡಿದ್ದೇನೆ, ಯಾರಿಗೂ ನಷ್ಟವಿಲ್ಲ. ನಮ್ಮ ಕಾಲದ ಅತ್ಯಂತ ಗಟ್ಟಿಯಾದ ಸಮರ್ಥನೆ ಇದು. ಕದಿಯಬೇಡಿರಿ, ಸುಳ್ಳು ಹೇಳಬೇಡಿರಿ ಎಂಬ ನೀತಿಪಾಠ ಈ ಸಮರ್ಥನೆಯನ್ನು ಮುಟ್ಟುವುದೇ ಇಲ್ಲ. ಲಕ್ಕಮ್ಮನ ಕಥೆ ನೇರವಾಗಿ ಇದನ್ನೇ ಮುಟ್ಟುತ್ತದೆ. ಏಕೆಂದರೆ ಆಕೆ ಮುಂದಿಟ್ಟುಕೊಂಡ ಪ್ರಸಂಗವೇ ಖುಷಿಯಿಂದ ಕೊಟ್ಟದ್ದು, ಕೇಳದೆ ಬಂದದ್ದು, ಯಾರಿಗೂ ನಷ್ಟವಿಲ್ಲದ್ದು.

ಇನ್ನೊಂದು ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಆಕೆ ತೆಗೆದುಕೊಂಡವನನ್ನು ಮಾತ್ರ ಪ್ರಶ್ನಿಸುವುದಿಲ್ಲ. ಇದು ಬಸವಣ್ಣನ ಅನುಮಾನವೇ ಎಂದು ಕೇಳುವಾಗ ಕೊಟ್ಟವನೂ ಕಟಕಟೆಗೆ ಬರುತ್ತಾನೆ. ಕೊಟ್ಟವನು ಸಾಮಾನ್ಯನಲ್ಲ, ಕಲ್ಯಾಣದ ಬಸವಣ್ಣ. ಅವನ ಉದ್ದೇಶವೂ ಕೆಟ್ಟದ್ದಲ್ಲ. ಆದರೂ ಇನ್ನೊಬ್ಬನ ದುಡಿಮೆಯ ಅಳತೆಯನ್ನು ತನ್ನ ಔದಾರ್ಯದಿಂದ ಕೆಡಿಸುವ ಹಕ್ಕು ಬಸವಣ್ಣನಿಗೂ ಇಲ್ಲ ಎಂಬ ಧ್ವನಿ ಆ ಪ್ರಶ್ನೆಯಲ್ಲಿದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ತಂದು, ಲಂಚ ಕೊಡುವುದನ್ನೂ ನೇರವಾಗಿ ಅಪರಾಧವೆಂದು ಬರೆದರು. ಕಾಯ್ದೆಯ ಭಾಷೆ ಬೇರೆ, ವಚನದ ಭಾಷೆ ಬೇರೆ, ಎರಡನ್ನೂ ಒಂದೇ ಎನ್ನುವ ಭಂಡತನ ನನಗಿಲ್ಲ. ಆದರೆ ಕೊಡುವ ಕೈಯನ್ನೂ ನೋಡಬೇಕೆಂಬ ವಿವೇಕ ಅಕ್ಕಿ ಆಯುವವನ ಹೆಂಡತಿಗೆ ಎಂದೋ ಹೊಳೆದಿತ್ತು.

ಶರಣ ಸಾಹಿತ್ಯದಲ್ಲಿ ಪ್ರಾಮಾಣಿಕತೆಯನ್ನು ಸಾಬೀತುಮಾಡುವ ಬಗೆ ಇದೊಂದೇ ಅಲ್ಲ. ನಾನು ಓದಿದ ಮಟ್ಟಿಗೆ ಮೂರು ಬಗೆಗಳಿವೆ. ಮೊದಲನೆಯದು ಆಣೆ. ಕಸ ಗುಡಿಸುವ ಕಾಯಕದ ಸತ್ಯಕ್ಕನ ಒಂದು ವಚನ ಇದಕ್ಕೆ ಒಳ್ಳೆಯ ಉದಾಹರಣೆ. ಲಂಚಕ್ಕೂ ವಂಚನೆಗೂ ಕೈಯೊಡ್ಡುವುದಿಲ್ಲವೆಂದೂ, ದಾರಿಯಲ್ಲಿ ಹೊನ್ನು, ಬಟ್ಟೆ ಬಿದ್ದಿದ್ದರೂ ಮುಟ್ಟಿ ಎತ್ತುವುದಿಲ್ಲವೆಂದೂ ಆಕೆ ತನ್ನ ದೇವರ ಮೇಲೆ ಆಣೆಯಿಡುತ್ತಾಳೆ. ಲಂಚ ಎಂಬ ಶಬ್ದವನ್ನು ಕನ್ನಡದಲ್ಲಿ ಇಷ್ಟು ನಿಸ್ಸಂಕೋಚವಾಗಿ ಎತ್ತಿ ಹೇಳಿದವಳು ಒಬ್ಬ ಕಸ ಗುಡಿಸುವ ಹೆಣ್ಣುಮಗಳು ಎಂಬುದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ತಪ್ಪದೆ ಹೇಳುತ್ತಿದ್ದೆ. ಬಸವಣ್ಣನೂ ಇಂಥ ಆಣೆಯ ವಚನ ಬರೆದಿದ್ದಾನೆ. ಹೊನ್ನಿನಲ್ಲಾಗಲಿ ಸೀರೆಯಲ್ಲಾಗಲಿ ಎಳ್ಳಷ್ಟನ್ನೂ ಇಂದಿಗೆ ನಾಳೆಗೆ ಬೇಕೆಂದು ಬಯಸಿದ್ದಿಲ್ಲ ಎನ್ನುವ ಅವನ ಮಾತು, ಬೊಕ್ಕಸದ ಬೀಗದ ಕೈ ಹಿಡಿದವನ ಮಾತಾದ್ದರಿಂದ ಅದಕ್ಕೆ ವಿಶೇಷ ಭಾರವಿದೆ.

ಎರಡನೆಯದು ಪವಾಡ. ಹರಿಹರನ ರಗಳೆಯಲ್ಲಿ ಬಸವಣ್ಣ ನೌಕರಿಗೆ ಸೇರುವುದೇ ಕರಣಿಕರ ಲೆಕ್ಕದಲ್ಲಿದ್ದ ತಪ್ಪನ್ನು ತೋರಿಸಿಕೊಟ್ಟು. ಲೆಕ್ಕ ಬಲ್ಲವನೆಂದೇ ಅವನನ್ನು ಕರೆದರು. ಮುಂದೆ ಬಿಜ್ಜಳನ ಭಂಡಾರಿಯಾದಾಗ, ಅರಸನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಚಾಡಿ ಹೋಗುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿಯೂ, 1369ರ ಭೀಮಕವಿಯ ಕನ್ನಡ ಬಸವಪುರಾಣದಲ್ಲಿಯೂ ಬೊಕ್ಕಸವನ್ನು ಎಣಿಸಿ ನೋಡುವ ಪ್ರಸಂಗ ಬರುತ್ತದೆ. ಎಣಿಸಿದರೆ ಒಂದು ನಾಣ್ಯವೂ ಕಡಿಮೆಯಿಲ್ಲ. ಭಕ್ತರಿಗೆ ಇದು ಆನಂದದ ಘಳಿಗೆ. ವಿಮರ್ಶಕನಾಗಿ ನನಗೆ ಇಲ್ಲಿ ಅಸಮಾಧಾನವಿದೆ. ಕೊಟ್ಟ ಹಣ ಪವಾಡದಿಂದ ಮರಳಿ ತುಂಬಿತು ಎಂದರೆ ಆಪಾದನೆಗೆ ಉತ್ತರ ಸಿಕ್ಕಂತಾಗಲಿಲ್ಲ, ಆಪಾದನೆಯನ್ನು ದಾಟಿ ಹೋದಂತಾಯಿತು. ಬಸವಣ್ಣ ಕೊಟ್ಟದ್ದು ತನ್ನ ಸಂಬಳದಿಂದಲೇ, ಅರಸನ ಹಣದಿಂದಲೇ ಎಂಬ ಪ್ರಶ್ನೆಯನ್ನು ಪುರಾಣ ಕೇಳಗೊಡುವುದಿಲ್ಲ. ತನ್ನ ನಾಯಕನ ಮೇಲಿನ ಪ್ರೀತಿಯಿಂದ ಪುರಾಣಕಾರ ಅವನ ಒಳ್ಳೆಯ ಗುಣವೊಂದನ್ನೇ, ಆ ಲೆಕ್ಕದ ಗುಣವನ್ನೇ, ಮರೆಸಿಬಿಟ್ಟ. ನಮ್ಮಲ್ಲಿ ಇಂದಿಗೂ ಜನಪ್ರಿಯರಾದವರ ಮೇಲೆ ಲೆಕ್ಕದ ಪ್ರಶ್ನೆ ಎದ್ದಾಗ ಭಕ್ತರು ಲೆಕ್ಕ ತೋರಿಸುವುದಿಲ್ಲ, ಮಹಿಮೆ ಹೇಳುತ್ತಾರೆ. ಇದು ಆ ಪುರಾಣದ ಅಭ್ಯಾಸದ ಮುಂದುವರಿಕೆಯೇ ಎಂದು ನನಗನ್ನಿಸುತ್ತದೆ.

ಮೂರನೆಯದು ನಡಿಗೆ. ಹೆಚ್ಚು ಬಂದದ್ದನ್ನು ಹೊತ್ತುಕೊಂಡು ಹೋಗಿ ಬಂದಲ್ಲಿಗೇ ಒಪ್ಪಿಸಿ ಬರುವುದು. ಇದರಲ್ಲಿ ಆಣೆಯಿಲ್ಲ, ಪವಾಡವಿಲ್ಲ, ಹೇಳಿಕೊಳ್ಳಲು ಮಾತೂ ಇಲ್ಲ. ಕಾಲು ಇರಬೇಕು, ಅಳತೆ ಗೊತ್ತಿರಬೇಕು. ಮೋಳಿಗೆ ಮಾರಯ್ಯನ ಕಥೆ ಇದಕ್ಕೆ ಹತ್ತಿರದ್ದು. ಕಟ್ಟಿಗೆ ಮಾರಿ ಬದುಕುವ ಅವನ ಗುಡಿಸಲಿನಲ್ಲಿ ಬಸವಣ್ಣ ಗುಟ್ಟಾಗಿ ಹೊನ್ನಿಟ್ಟು ಬಂದರೆ, ಅವನು ಅದನ್ನು ತನ್ನದೆಂದುಕೊಳ್ಳದೆ ಜಂಗಮರಿಗೆ ಹಂಚಿಬಿಡುತ್ತಾನೆ. ಎರಡೂ ಕಥೆಗಳ ಅಚ್ಚು ಒಂದೇ: ಮೇಲಿನವನ ಔದಾರ್ಯವನ್ನು ಕೆಳಗಿನವನು ನಿರಾಕರಿಸುತ್ತಾನೆ. ಆದರೆ ಮೋಳಿಗೆ ಮಾರಯ್ಯ ಕಾಶ್ಮೀರದ ಅರಸನಾಗಿದ್ದವನೆಂದು ಕಥೆ ಹೇಳುತ್ತದೆ. ರಾಜ್ಯವನ್ನೇ ಬಿಟ್ಟು ಬಂದವನಿಗೆ ಎರಡು ಚೀಲ ಹೊನ್ನು ದೊಡ್ಡದಲ್ಲ. ಆಯ್ದಕ್ಕಿ ಮಾರಯ್ಯ ಏನನ್ನೂ ಬಿಟ್ಟು ಬಂದವನಲ್ಲ. ಅವನಿಗೆ ಆ ನಾಲ್ಕು ಹಿಡಿ ಅಕ್ಕಿ ನಿ‌ಜಕ್ಕೂ ಬೇಕಾಗಿತ್ತು. ಬೇಕಾದದ್ದನ್ನು ಮರಳಿ ಕೊಡುವುದರಲ್ಲಿಯೇ ಕಥೆಯ ಶಕ್ತಿಯಿದೆ.

ಲಕ್ಕಮ್ಮನ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆಂದು ಇದರ ಅರ್ಥವಲ್ಲ. ಮನಸ್ಸು ಶುದ್ಧವಿಲ್ಲದವರಿಗೆ ಬಡತನ, ಶುದ್ಧ ಚಿತ್ತದಿಂದ ಕಾಯಕ ಮಾಡುವವರಿಗೆ ಲಕ್ಷ್ಮಿ ತಾನಾಗಿಯೇ ಒಲಿದಿರುತ್ತಾಳೆ ಎಂಬರ್ಥದ ಆಕೆಯ ವಚನವೊಂದಿದೆ. ಗಂಗಾವತಿಯಲ್ಲಿ ಕುಳಿತು ಇದನ್ನು ಓದುವವನು ಸುಮ್ಮನೆ ತಲೆದೂಗಲಾರ. 75 ಕಿಲೋ ನೆಲ್ಲಿನ ಚೀಲಗಳನ್ನು ದಿನವಿಡೀ ಬೆನ್ನ ಮೇಲೆ ಹೊತ್ತು, ನಲವತ್ತೈದಕ್ಕೆ ಸೊಂಟ ಬಿದ್ದುಹೋದ ಹಮಾಲರನ್ನು ನಾನು ಬಲ್ಲೆ. ಅವರ ಚಿತ್ತದಲ್ಲಿ ಏನು ಕೊರತೆಯಿತ್ತು? ನಾನು ಲೆಕ್ಕ ಬರೆದ ಗಿರಣಿಯಲ್ಲಿ ರೈತ ತಂದ ಚೀಲಕ್ಕೆ ಬಾರದಾನ, ಹಸಿ, ಧೂಳು ಎಂದು ಹೇಳಿ ಒಂದೊಂದೂವರೆ ಕಿಲೋ ಮುರಿದುಕೊಳ್ಳುತ್ತಿದ್ದರು. ಅದಕ್ಕೊಂದು ಅಂಕಣವೇ ಇತ್ತು, ಅದು ಪದ್ಧತಿ. ಹಮಾಲನ ಜೇಬಿನಲ್ಲಿ ಒಂದು ಹಿಡಿ ಅಕ್ಕಿ ಸಿಕ್ಕರೆ ಅದು ಕಳ್ಳತನ. ತಕ್ಕಡಿ ಯಾರ ಕೈಯಲ್ಲಿದೆಯೋ ಅವರು ತಮ್ಮ ಕಳವಿಗೆ ಪದ್ಧತಿಯೆಂದು ಹೆಸರಿಟ್ಟು, ತಕ್ಕಡಿ ಇಲ್ಲದವನಿಗೆ ಪ್ರಾಮಾಣಿಕತೆಯ ಪಾಠ ಹೇಳುತ್ತಾರೆ. ಲಕ್ಕಮ್ಮನ ಈ ವಚನ ಅವರ ಕೈಗೆ ಸಿಕ್ಕರೆ, ನೀನು ಬಡವನಾಗಿರುವುದು ನಿನ್ನ ಮನಸ್ಸು ಸರಿಯಿಲ್ಲದ್ದಕ್ಕೆ ಎಂದು ಹೇಳುವ ಸಾಧನವಾಗುತ್ತದೆ. ಕೆಲವು ವೇದಿಕೆಗಳಲ್ಲಿ ಹಾಗೆ ಆದದ್ದನ್ನು ನಾನೇ ಕೇಳಿದ್ದೇನೆ.

ಹಾಗಾದರೆ ಆ ವಚನವನ್ನು ಬಿಟ್ಟುಬಿಡಬೇಕೇ? ಬೇಡ, ಅದನ್ನು ಯಾರು ಯಾರಿಗೆ ಹೇಳಿದ್ದು ಎಂದು ನೋಡಬೇಕು. ಲಕ್ಕಮ್ಮ ಕೆಳಗಿನವರಿಗೆ ಬುದ್ಧಿ ಹೇಳುತ್ತಿಲ್ಲ. ಆಕೆಗಿಂತ ಕೆಳಗೆ ಕಲ್ಯಾಣದಲ್ಲಿ ಯಾರೂ ಇದ್ದಂತೆ ಕಾಣುವುದಿಲ್ಲ. ಆಕೆ ತನ್ನ ಗಂಡನಿಗೆ, ತನ್ನ ಮನೆಯೊಳಗೆ ಹೇಳುತ್ತಿದ್ದಾಳೆ. ಬಡತನ ನಮ್ಮನ್ನು ಹೆದರಿಸಲಾರದು ಎಂಬ ಧೈರ್ಯ ಅದು, ಬಡವರ ಮೇಲಿನ ತೀರ್ಪಲ್ಲ. ಅದೇ ಲಕ್ಕಮ್ಮ ಇನ್ನೊಂದು ವಚನದಲ್ಲಿ ಆಸೆ ಎಂಬುದು ಅರಸರಿಗೆ ಸೇರಿದ್ದು ಎಂದು ಹೇಳುತ್ತಾಳೆ. ಗಮನಿಸಿರಿ, ಆಸೆಬುರುಕತನವನ್ನು ಆಕೆ ಬಡವನ ದೋಷವೆನ್ನಲಿಲ್ಲ, ಅರಮನೆಯ ಲಕ್ಷಣವೆಂದಳು. ಇಷ್ಟು ಅಕ್ಕಿ ನಮಗೇಕೆ ಎಂಬ ಪ್ರಶ್ನೆಯಲ್ಲಿ ಹಸಿವನ್ನು ಮುಚ್ಚಿಡುವ ಬಡಿವಾರವಿಲ್ಲ. ನಾವು ಅವರಂತೆ ಆಗುವುದು ಬೇಡ ಎಂಬ ಹಟವಿದೆ. ಹೀಗೆ ಎರಡು ವಚನಗಳನ್ನು ಒಟ್ಟಿಗೆ ಓದಿದಾಗ ಒಂದು ಇನ್ನೊಂದರ ಅಪಾಯವನ್ನು ತಡೆಯುತ್ತದೆ. ಬಿಡಿ ವಚನವನ್ನು ಬಿಡಿಯಾಗಿ ಓದುವ ನಮ್ಮ ರೂಢಿ, ಗೋಡೆಯ ಫಲಕದ ರೂಢಿಯಷ್ಟೇ ಅಪಾಯದ್ದು.

ಭಾಷೆಯ ಬಗ್ಗೆಯೂ ಒಂದು ಮಾತು. ಲಕ್ಕಮ್ಮನ ವಚನಗಳಲ್ಲಿ ಅಕ್ಕಮಹಾದೇವಿಯ ಉತ್ಕಟತೆಯಿಲ್ಲ, ಅಲ್ಲಮನ ಬೆಡಗಿಲ್ಲ. ಹೋಗಿರಿ, ತನ್ನಿರಿ, ಸುರಿದು ಬನ್ನಿರಿ ಎಂಬಂಥ ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೇಳುವ ಮಾತುಗಳು. ಗಂಡನನ್ನು ಒಡೆಯನೆಂದು ಕರೆಯುತ್ತಲೇ ಅವನನ್ನು ಕೆಲಸಕ್ಕೆ ಎಬ್ಬಿಸುತ್ತಾಳೆ. ನಮ್ಮ ಕಡೆ ಹೆಂಗಸರು ಗಂಡನಿಗೆ ರೀ ಹಚ್ಚಿ ಮಾತಾಡಿಸುತ್ತಲೇ ಬೆವರಿಳಿಸುವುದನ್ನು ಕಂಡವರಿಗೆ ಈ ಧಾಟಿ ಹೊಸದಲ್ಲ. ಕಾವ್ಯವೆಂದು ಎಣಿಸುವವರು ಈ ವಚನಗಳನ್ನು ಎರಡನೆಯ ಸಾಲಿನಲ್ಲಿ ಕೂಡಿಸುತ್ತ ಬಂದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಪ್ರಾಮಾಣಿಕತೆಯ ಬಗ್ಗೆ ಅಲಂಕಾರದ ಭಾಷೆಯಲ್ಲಿ ಮಾತಾಡಲು ಬರುವುದಿಲ್ಲ. ಅಲಂಕಾರ ಶುರುವಾದಲ್ಲಿ ಅಳತೆ ತಪ್ಪುತ್ತದೆ. ಆಕೆಯ ನುಡಿ ಒಣಗಿದಂತೆ ಕಂಡರೆ ಅದು ಒಣಗಿದ ಅಕ್ಕಿಯಂತೆ, ತೂಕಕ್ಕೆ ಸರಿ ಬರುವಂಥದು.

ಕಥೆಯ ಕೊನೆಗೆ ಅಲ್ಲಿಯೂ ಪವಾಡ ಬರುತ್ತದೆ. ಆಯ್ದು ತಂದ ಅಷ್ಟೇ ಅಕ್ಕಿಯಲ್ಲಿ ಲಕ್ಕಮ್ಮ ಬಸವಣ್ಣನನ್ನೂ ಅಸಂಖ್ಯ ಶರಣರನ್ನೂ ಊಟಕ್ಕೆ ಕರೆಯುತ್ತಾಳೆ, ಎಲ್ಲರೂ ಉಂಡು ತೃಪ್ತರಾಗುತ್ತಾರೆ. ಬೊಕ್ಕಸದ ಪವಾಡಕ್ಕೂ ಇದಕ್ಕೂ ನಾನು ಕಾಣುವ ವ್ಯತ್ಯಾಸವೆಂದರೆ ಅನುಕ್ರಮದ್ದು. ಅಲ್ಲಿ ಲೆಕ್ಕದ ಬದಲಿಗೆ ಪವಾಡ ಬಂತು, ಇಲ್ಲಿ ಲೆಕ್ಕ ಒಪ್ಪಿಸಿದ ಮೇಲೆ ಪವಾಡ ಬಂತು. ಊಟಕ್ಕೆ ಕುಳಿತ ಬಸವಣ್ಣನ ಎಲೆಯಲ್ಲಿ ಅವನೇ ಸುರಿಸಿದ ಅಕ್ಕಿಯ ಒಂದು ಕಾಳೂ ಇರಲಿಲ್ಲ. ಅವನಿಂದ ಹೆಚ್ಚಾಗಿ ಏನನ್ನೂ ಪಡೆಯದವರು ಅವನಿಗೆ ಉಣಬಡಿಸಿದರು. ಹಂಗು ಇಲ್ಲದ ಮೇಲೆ ಮಾತ್ರ ಮಹಾಮನೆಯ ಒಡೆಯನೂ ಅಕ್ಕಿ ಆಯುವವನೂ ಒಂದೇ ಪಂಕ್ತಿಯಲ್ಲಿ ಕೂಡಬಲ್ಲರು. ಪ್ರಾಮಾಣಿಕತೆಯಿಂದ ಏನು ಸಿಗುತ್ತದೆ ಎಂದು ಕೇಳುವ ಹುಡುಗರಿಗೆ ನಾನು ಈ ಪಂಕ್ತಿಯನ್ನು ತೋರಿಸುತ್ತಿದ್ದೆ. ಅದರಿಂದ ಹಣ ಸಿಗುವುದು ಖಾತ್ರಿಯಿಲ್ಲ, ಬಡ್ತಿ ಸಿಗುವುದಂತೂ ಇನ್ನೂ ಖಾತ್ರಿಯಿಲ್ಲ. ಸಮನಾಗಿ ಕುಳಿತು ಮಾತಾಡುವ ಸ್ವಾತಂತ್ರ್ಯ ಮಾತ್ರ ಸಿಗುತ್ತದೆ.

ಈಗ ಗದ್ದೆಯಲ್ಲಿ ಕೊಯ್ಲಿನ ಯಂತ್ರ ಬಂದು ಹಕ್ಕಲಾಯುವವರು ಕಡಿಮೆಯಾಗಿದ್ದಾರೆ. ತೂಕಕ್ಕೆ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಗ್ರಾಮಿನ ಲೆಕ್ಕದಲ್ಲಿ ಅಂಕಿ ತೋರಿಸುತ್ತದೆ. ಖುಷಿಯೂ ಪುಸ್ತಕದಿಂದ ಮೇಲೆದ್ದು ಮೊಬೈಲಿಗೆ ಹೋಗಿದೆ ಎಂದು ಕೇಳುತ್ತೇನೆ. ಇಷ್ಟೆಲ್ಲ ಬದಲಾದರೂ ಉದುರಿದ್ದು ಯಾವುದು, ಸುರಿದದ್ದು ಯಾವುದು ಎಂದು ಗುರುತಿಸುವ ಯಂತ್ರ ಬಂದಿಲ್ಲ. ಅದನ್ನು ಇನ್ನೂ ಮನೆಯಲ್ಲಿಯೇ, ತಂದದ್ದನ್ನು ಬಿಚ್ಚಿ ನೋಡಿ ಇದೆಲ್ಲಿಯದು ಎಂದು ಕೇಳುವವರೇ ಗುರುತಿಸಬೇಕು. ನಮ್ಮ ತಾಲೂಕುಗಳ ಕಾಲೇಜುಗಳಲ್ಲಿ ಕನ್ನಡ ಕಲಿಸುತ್ತಿರುವ ಗೆಳೆಯರು ಮಾರಯ್ಯನ ಆ ಪ್ರಸಿದ್ಧ ವಚನವನ್ನು ಕಲಿಸುವಾಗ, ಅದರ ಜೊತೆಗೆ ಲಕ್ಕಮ್ಮನ ಈ ವಚನಗಳನ್ನೂ ಸೇರಿಸಿ ಕಲಿಸಲಿ. ಗೋಡೆಗೆ ಬರೆಯುವಂಥ ಮಾತನ್ನು ಅವನು ಹೇಳಿದ. ಆ ಮಾತಿಗೆ ತಕ್ಕಂತೆ ಅವನನ್ನು ನಡೆಸಿದವಳು ಆಕೆ.